ಸಂಡೇ ಬಜಾರಿನಲ್ಲಿ ಸಿಕ್ಕ ಹಳೆಯ ಪೀಟರ್ಸನ್ ಪೈಪು: ಶುಚಿ ಮಾಡುವುದನ್ನು ಎಲ್ಲಿಂದ ಶುರು ಮಾಡಲಿ?

ಹೊಸಕೈ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ತುಕ್ಕು ಹಿಡಿದ ಬೀಗ, ನಿಂತುಹೋದ ಗಡಿಯಾರಗಳ ರಾಶಿಯಲ್ಲಿ ಒಂದು ತಂಬಾಕಿನ ಪೈಪು ಸಿಕ್ಕಿತು. ಬಾಗಿದ ಆಕಾರ, ಮರದ ಬಟ್ಟಲು, ಅದರಿಂದ ಚಾಚಿದ ಕತ್ತಿಗೆ ಬೆಳ್ಳಿಯ ಬಣ್ಣದ ಲೋಹದ ಬಳೆ. ಒಂದು ಬದಿಯಲ್ಲಿ 'ಪೀಟರ್ಸನ್ಸ್ ಸಿಸ್ಟಮ್ ಸ್ಟ್ಯಾಂಡರ್ಡ್', ಇನ್ನೊಂದು ಬದಿಯಲ್ಲಿ 'ಮೇಡ್ ಇನ್ ದಿ ರಿಪಬ್ಲಿಕ್ ಆಫ್ ಐರ್ಲೆಂಡ್', ಜೊತೆಗೆ 314 ಎಂಬ ಅಂಕಿ. ಭೂತಗನ್ನಡಿ ಹಿಡಿದರೆ ಮಾತ್ರ ಓದಬಹುದು.

ಸ್ಥಿತಿ ಹೀಗಿದೆ: ಬಟ್ಟಲಿನೊಳಗೆ ಸುಟ್ಟ ತಂಬಾಕಿನ ಕಿಟ್ಟ ಎಷ್ಟು ಕಟ್ಟಿದೆಯೆಂದರೆ ಕಿರುಬೆರಳೂ ಇಳಿಯುವುದಿಲ್ಲ. ಅಂಚಿನ ಮೇಲೆ ಟಾರಿನ ಕಪ್ಪು ಪದರ. ಬಾಯಿಗೆ ಇಡುವ ಸ್ಟೆಮ್ ಕಪ್ಪಾಗಿರಬೇಕಿತ್ತು, ಹಸಿರು ಮಿಶ್ರಿತ ಕಂದಾಗಿದೆ. ಅದರ ಮೇಲೆ ಹಲ್ಲಿನ ಗುರುತುಗಳು. ಸ್ಟೆಮ್ ಬಟ್ಟಲಿನಿಂದ ಕದಲುತ್ತಲೇ ಇಲ್ಲ. ನನಗೆ ಸೇದುವ ಅಭ್ಯಾಸವಿಲ್ಲ, ಆ ಕೆಲಸಗಾರಿಕೆ ಕಣ್ಣಿಗೆ ಹಿಡಿಸಿತು, ಅಷ್ಟೇ. ಮನೆಯಲ್ಲಿ ಚಾಕು, ಸ್ಯಾಂಡ್‌ಪೇಪರ್, ಡೆಟಾಲ್, ಸ್ವಲ್ಪ ವಾರ್ನಿಶ್ ಇವೆ. ಮೊದಲು ಏನು ಮಾಡಲಿ?

ಹಳೆಸಾಮಾನು
ಮೊದಲು ಆ ನಾಲ್ಕನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿ.

ಮರಗೆಲಸದ ಮಾವ
ಮೇಲಿನವರು ಹೇಳಿದ್ದು ಸರಿ. ಕಾರಣವನ್ನು ನಾನು ಬಿಡಿಸಿ ಹೇಳುತ್ತೇನೆ. ಚಾಕುವಿನಿಂದ ಕೆರೆದರೆ ಬಟ್ಟಲಿನ ಒಳಗಿನ ದುಂಡು ಕೆಡುತ್ತದೆ, ಅಂಚು ಚಕ್ಕೆ ಏಳುತ್ತದೆ. ಡೆಟಾಲ್ ಹಾಕಿದರೆ ಅದರ ವಾಸನೆ ಮರದೊಳಗೆ ಕೂತು ವರ್ಷಗಟ್ಟಲೆ ಹೋಗುವುದಿಲ್ಲ. ವಾರ್ನಿಶ್ ಬಿಸಿಗೆ ಗುಳ್ಳೆ ಏಳುತ್ತದೆ. ಸ್ಯಾಂಡ್‌ಪೇಪರ್ ಎಲ್ಲಕ್ಕಿಂತ ಅಪಾಯ. ಭೂತಗನ್ನಡಿಯಲ್ಲಿ ಓದಿದಿರಲ್ಲ, ಆ ಅಕ್ಷರಗಳನ್ನು ಅದು ಎರಡೇ ನಿಮಿಷದಲ್ಲಿ ಅಳಿಸಿಹಾಕುತ್ತದೆ. ಅಕ್ಷರ ಹೋದ ಪೈಪು ಯಾವ ಊರಿನದು, ಯಾವ ಕಾಲದ್ದು ಎಂದು ಹೇಳಲು ಮತ್ತೆ ಯಾರಿಂದಲೂ ಆಗುವುದಿಲ್ಲ.

ಮರ ಯಾವುದು ಗೊತ್ತೇ? ಬ್ರಯರ್. ಮೆಡಿಟರೇನಿಯನ್ ತೀರದಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಪೊದೆಯ ಬುಡದಲ್ಲಿ, ನೆಲದೊಳಗೆ ಕಟ್ಟುವ ಗಂಟು ಅದು. ಆ ಗಂಟು ದಪ್ಪವಾಗಲು ದಶಕಗಳು ಬೇಕು. ಕಿತ್ತು, ತುಂಡು ಮಾಡಿ, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಬೆಂಕಿಯನ್ನು ಒಡಲಲ್ಲಿಟ್ಟುಕೊಂಡೂ ಸುಡದೆ ಉಳಿಯುವ ಮರ ಬಹಳ ಕಡಿಮೆ. ಅದರ ಮೇಲೆ ಅವಸರ ಮಾಡಬೇಡಿ.

ಡಬ್ಲಿನ್ ಕನ್ನಡಿಗ
ಪೈಪು ತಯಾರಿಸುವ ಪೀಟರ್ಸನ್ ಕಂಪನಿ ನಮ್ಮೂರು ಡಬ್ಲಿನ್ನಿನದು, ಹಾಗಾಗಿ ನಾನು ಮಾತಾಡಲೇಬೇಕು. ಐರ್ಲೆಂಡ್ ವಿಧ್ಯುಕ್ತವಾಗಿ ಗಣರಾಜ್ಯವಾದದ್ದು 1949ರ ಏಪ್ರಿಲ್‌ನಲ್ಲಿ. ಆದ್ದರಿಂದ 'ರಿಪಬ್ಲಿಕ್' ಎಂಬ ಮುದ್ರೆ ಇರುವ ಪೈಪು ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಅದಕ್ಕೂ ಮುಂಚಿನ ಕೆಲವು ಪೈಪುಗಳ ಮೇಲೆ 'ಐರಿಷ್ ಫ್ರೀ ಸ್ಟೇಟ್' ಎಂದಿರುತ್ತದೆ. ಒಂದು ಸಾಲಿನ ಮುದ್ರೆಯಲ್ಲಿ ಒಂದು ದೇಶದ ರಾಜಕೀಯ ಚರಿತ್ರೆಯೇ ಇದೆ, ಅದಕ್ಕೇ ಆ ಅಕ್ಷರಗಳನ್ನು ಕಾಪಾಡಿ ಎಂದು ನಾನೂ ಕೈಮುಗಿದು ಕೇಳುತ್ತೇನೆ.

ಆ ಬಳೆ ಬೆಳ್ಳಿಯದಲ್ಲ. ಸ್ಟ್ಯಾಂಡರ್ಡ್ ದರ್ಜೆಗೆ ನಿಕ್ಕಲ್ ಹಾಕುತ್ತಿದ್ದರು. ಬೆಳ್ಳಿಯಾಗಿದ್ದರೆ ಡಬ್ಲಿನ್ ಪರೀಕ್ಷಾಲಯದ ಮುದ್ರೆಗಳು, ಅಂದರೆ ಕಿರೀಟವಿರುವ ಹಾರ್ಪ್ ವಾದ್ಯ, ಕುಳಿತ ಹೈಬರ್ನಿಯಾ ದೇವಿ, ಇರಬೇಕಿತ್ತು.

'ಸಿಸ್ಟಮ್' ಎಂದರೇನು ಎಂಬುದು ನಿಮ್ಮ ಕೆಲಸಕ್ಕೆ ಮುಖ್ಯ. ಚಾರ್ಲ್ಸ್ ಪೀಟರ್ಸನ್ 1890ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇದು. ಕತ್ತಿನೊಳಗೆ, ಹೊಗೆಯ ದಾರಿಗಿಂತ ಕೆಳಗೆ, ಒಂದು ಚಿಕ್ಕ ಗುಂಡಿ ಕೊರೆದಿರುತ್ತಾರೆ. ತೇವವೆಲ್ಲ ಅಲ್ಲಿ ಇಳಿದು ನಿಲ್ಲುತ್ತದೆ, ಬಾಯಿಗೆ ಬರುವುದಿಲ್ಲ. ಸ್ಟೆಮ್ಮಿನ ತುದಿ ನೋಡಿ. ರಂಧ್ರ ನೇರವಾಗಿರದೆ ಮೇಲ್ಮುಖವಾಗಿದ್ದರೆ ಅದು 1898ರ ಪೇಟೆಂಟಿನ ಪಿ-ಲಿಪ್. ಹೊಗೆ ನಾಲಿಗೆಗೆ ತಾಗದೆ ಅಂಗುಳಿನ ಕಡೆ ಹೋಗಲಿ ಎಂದು ಹಾಗೆ ಮಾಡಿದರು. ನಿಮ್ಮ ಪೈಪಿನ ಅರ್ಧ ಕೊಳೆ ಆ ಗುಂಡಿಯಲ್ಲೇ ಇರುತ್ತದೆ, ಬರೆದಿಟ್ಟುಕೊಳ್ಳಿ.

ಹೊಸಕೈ
ರಂಧ್ರ ಮೇಲ್ಮುಖವಾಗಿಯೇ ಇದೆ ಸರ್! ಅದು ಯಾರೋ ಕೆಡಿಸಿದ್ದು ಎಂದುಕೊಂಡಿದ್ದೆ. ಈಗ ಸ್ಟೆಮ್ ಬಿಡಿಸುವುದು ಹೇಗೆ?

ಹಳೆಸಾಮಾನು
ಜಿಪ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಐಸ್ ಕಟ್ಟುವ ಜಾಗದಲ್ಲಿ, ಅರ್ಧ ಗಂಟೆ ಇಡಿ. ತಂಪಿಗೆ ಸ್ಟೆಮ್ ಲೋಹ ಮತ್ತು ಮರಕ್ಕಿಂತ ಹೆಚ್ಚು ಕುಗ್ಗುತ್ತದೆ. ಹೊರಗೆ ತೆಗೆದ ಕೂಡಲೇ ಬಟ್ಟಲನ್ನಲ್ಲ, ಕತ್ತನ್ನು ಬಳೆಯ ಹತ್ತಿರ ಹಿಡಿದು, ಸ್ಟೆಮ್ಮನ್ನು ಒಂದೇ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಬಗ್ಗಿಸಬೇಡಿ. ಬರದಿದ್ದರೆ ಬಿಡಿ, ಮರುದಿನ ಮತ್ತೆ ಇಡಿ. ಇಕ್ಕಳ ಮಾತ್ರ ಹಿಡಿಯಬೇಡಿ.

ಗಿರಿನಗರ
ಬಟ್ಟಲು ಹಿಡಿದು ಸ್ಟೆಮ್ ಬಗ್ಗಿಸಿದರೆ ಕತ್ತು ಲಟಕ್ಕನೆ ಮುರಿಯುತ್ತದೆ. ಆ ಮುರಿತಕ್ಕೆ ಅಂಟು ಹಾಕಿದರೂ ಅದು ಅಲಂಕಾರಕ್ಕೆ ಮಾತ್ರ.

ದಂತವೈದ್ಯೆ
ಕೆಲಸದ ಮಾತಿನ ನಡುವೆ ಒಂದು ಮಾತು, ದಯವಿಟ್ಟು ಬೇಸರಿಸಬೇಡಿ. ಪೈಪಿನ ಹೊಗೆಯನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂದು ಅನೇಕರು ನಂಬಿದ್ದಾರೆ. ಅದು ಸುಳ್ಳು. ತುಟಿ, ನಾಲಿಗೆ, ಗಂಟಲಿನ ಕ್ಯಾನ್ಸರಿಗೆ ಪೈಪು ನೇರ ಕಾರಣವಾಗಬಲ್ಲದು. ಹೊಸಕೈ ಅವರು ಸೇದುವುದಿಲ್ಲ ಎಂದದ್ದು ಓದಿ ಸಂತೋಷವಾಯಿತು. ಶುಚಿ ಮಾಡಿದ ಮೇಲೆ 'ಒಮ್ಮೆ ನೋಡೋಣ' ಎಂದೂ ಮನಸ್ಸು ಮಾಡಬೇಡಿ.

ಇನ್ನೊಂದು: ಕಿಟ್ಟ ಕೆರೆಯುವಾಗ, ಸ್ಟೆಮ್ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ. ಆ ಮಸಿಯ ಪುಡಿ ಮೂಗಿಗೆ ಹೋಗಬಾರದು.

ಕಾಫಿತೋಟ
ಮೇಡಂ, ನಮ್ಮ ಅಜ್ಜ ಪೈಪು ಸೇದಿಯೇ ತೊಂಬತ್ತು ದಾಟಿದವರು.

ದಂತವೈದ್ಯೆ
ಕಾಫಿತೋಟ ಅವರೇ, ಅಜ್ಜ ಬದುಕಿದ್ದು ನಿಮ್ಮ ಭಾಗ್ಯ. ತೊಂಬತ್ತಕ್ಕೆ ಮುಂಚೆ ಹೋದವರು ಇಲ್ಲಿ ಬಂದು ಬರೆಯುವುದಿಲ್ಲ.

ಹುಣಸೂರು ಹೊಲ
ತಂಬಾಕಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾವು ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವವರು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಎಷ್ಟೋ ಮನೆಗಳ ಮದುವೆ, ಮಕ್ಕಳ ಓದು ಎಲ್ಲ ಈ ಎಲೆಯ ಮೇಲೆ ನಿಂತಿದೆ. ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನಲ್ಲಿ, ಅಂದರೆ ಎಲೆ ಹದ ಮಾಡುವ ಮನೆಯಲ್ಲಿ, ಸೌದೆಯ ಶಾಖ ಕೊಟ್ಟು ಹದ ಮಾಡುವಾಗ ಹಗಲು ರಾತ್ರಿ ನಿದ್ದೆ ಇಲ್ಲ. ಶಾಖ ಸ್ವಲ್ಪ ಏರಿದರೂ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ತಂಬಾಕು ಮಂಡಳಿಯ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಮಳೆಯಲ್ಲಿ ನೆನೆದ ಎಲೆ ಮುರಿದರೆ ಚರ್ಮದಿಂದಲೇ ನಿಕೋಟಿನ್ ಒಳಗೆ ಹೋಗಿ ತಲೆ ಸುತ್ತು, ವಾಂತಿ. ಸೇದದವರಿಗೂ ತಂಬಾಕು ಏನು ಮಾಡುತ್ತದೆ ಎಂದು ನಮಗೆ ಡಾಕ್ಟರು ಹೇಳಬೇಕಾಗಿಲ್ಲ. ಬಿಡಿ ಎನ್ನುವವರು ಬದಲಿಗೆ ಯಾವ ಬೆಳೆ, ಯಾವ ಬೆಲೆಗೆ ಎಂಬುದನ್ನೂ ಹೇಳಬೇಕು.

ದಂತವೈದ್ಯೆ
ನಿಮ್ಮ ಮಾತು ಒಪ್ಪುತ್ತೇನೆ ಅಣ್ಣಾ. ಆ ಪ್ರಶ್ನೆ ರೈತರ ಮೇಲೆ ಹೊರಿಸುವಂಥದ್ದಲ್ಲ.

ನಿರ್ವಾಹಕ
ಬೆಳೆ ಮತ್ತು ಬೆಲೆಯ ಚರ್ಚೆಗೆ ಕೃಷಿ ವಿಭಾಗದಲ್ಲಿ ಹೊಸ ಎಳೆ ತೆರೆಯಿರಿ, ಅದಕ್ಕೆ ಅರ್ಹವಾದ ವಿಷಯ. ಇಲ್ಲಿ ಪೈಪಿನ ಶುಚಿ ಮುಂದುವರಿಯಲಿ.

ಹೊಸಕೈ
ಸ್ಟೆಮ್ ಬಂತು! ಎರಡನೆಯ ಸಲ ಫ್ರಿಜ್ಜಿನಲ್ಲಿಟ್ಟ ಮೇಲೆ ಟಕ್ ಎಂದು ಬಿಟ್ಟುಕೊಂಡಿತು. ಕತ್ತಿನೊಳಗೆ ಟಾರ್ಚ್ ಹಾಕಿ ನೋಡಿದೆ. ಡಬ್ಲಿನ್ ಸರ್ ಹೇಳಿದ ಗುಂಡಿ ಕಾಣಿಸುತ್ತಿಲ್ಲ, ಬರೀ ಡಾಂಬರಿನಂಥ ಜಿಗುಟು ತುಂಬಿದೆ. ಯಾವ ದ್ರಾವಣ ಹಾಕಲಿ? ರಮ್ ಹಾಕಿ ಎಂದು ಒಬ್ಬ ಸ್ನೇಹಿತ ಹೇಳಿದ.

ಗಿರಿನಗರ
ರಮ್ ಬೇಡ. ನಮ್ಮಲ್ಲಿ ಸಿಗುವ ರಮ್, ವಿಸ್ಕಿಗಳಲ್ಲಿ ಆಲ್ಕೋಹಾಲು ಸಾಮಾನ್ಯವಾಗಿ ಶೇ 42.8, ಉಳಿದದ್ದರಲ್ಲಿ ಹೆಚ್ಚಿನದು ನೀರು. ಮರಕ್ಕೆ ನೀರು ಕುಡಿಸುವುದೇಕೆ? ಮೊಬೈಲ್ ರಿಪೇರಿಯವರು ಬೋರ್ಡು ಒರೆಸಲು ಬಳಸುವ ಶೇ 99ರ ಐಸೋಪ್ರೊಪೈಲ್ ಆಲ್ಕೋಹಾಲ್ ತನ್ನಿ. ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಕೊಡುತ್ತಾರೆ. ಟಾರು ಕರಗಿಸುತ್ತದೆ, ಬೇಗ ಆರುತ್ತದೆ, ವಾಸನೆ ನಿಲ್ಲುವುದಿಲ್ಲ. ಕಿಟಕಿ ತೆರೆದಿಡಿ, ಹತ್ತಿರ ದೀಪ, ಗ್ಯಾಸ್ ಒಲೆ ಇರಬಾರದು. ಕೈ ತೊಳೆಯುವ ಸ್ಯಾನಿಟೈಸರ್ ಜೆಲ್ ಬೇಡವೇ ಬೇಡ, ಅದರಲ್ಲಿರುವ ಗ್ಲಿಸರಿನ್ ಒಳಗೆ ಅಂಟಿಕೊಂಡು ಉಳಿಯುತ್ತದೆ.

ಹಳೆಸಾಮಾನು
ಮತ್ತು ಆ ಆಲ್ಕೋಹಾಲು ಬಟ್ಟಲಿನ ಹೊರಮೈಗೆ ತಾಗಿದರೆ ಮರದ ಬಣ್ಣ ಬಿಟ್ಟುಕೊಳ್ಳುತ್ತದೆ. ಒಳಗೆ ಮಾತ್ರ.

ಮರಗೆಲಸದ ಮಾವ
ಗುಂಡಿಗೆ ಕೆಲಸ ಹೀಗೆ. ಕಿವಿ ಒರೆಸುವ ಹತ್ತಿಕಡ್ಡಿಯನ್ನು ಆಲ್ಕೋಹಾಲಿನಲ್ಲಿ ಅದ್ದಿ ಬಳೆಯ ಬಾಯಿಂದ ಇಳಿಸಿ, ಸುತ್ತ ತಿರುಗಿಸಿ, ತೆಗೆಯಿರಿ. ಮೊದಲ ಕಡ್ಡಿ ಕಾಫಿ ಡಿಕಾಕ್ಷನ್ನಿನ ಬಣ್ಣ ಹೊತ್ತು ಬರುತ್ತದೆ. ಬಿಳಿಯಾಗಿ ಬರುವ ತನಕ ಬದಲಿಸುತ್ತಿರಿ. ಗಟ್ಟಿಯಾಗಿ ಕೂತ ಟಾರನ್ನು ಬಿದಿರಿನ ಚೂಪು ಮಾಡದ ಕಡ್ಡಿಯಿಂದ ಎಬ್ಬಿಸಿ, ಕಬ್ಬಿಣದ ತಂತಿಯಿಂದಲ್ಲ. ಗುಂಡಿಯ ತಳದ ಮರ ತೆಳುವಾಗಿರುತ್ತದೆ.

ಹೊಗೆಯ ದಾರಿಗೆ ಪೈಪ್ ಕ್ಲೀನರ್, ಅಂದರೆ ಹತ್ತಿಯ ಎಳೆ ಸುತ್ತಿದ ತೆಳು ತಂತಿ, ಬೇಕು. ಎಚ್ಚರ: ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ಶಾಲೆಯ ಪ್ರಾಜೆಕ್ಟಿಗೆಂದು ಮಾರುವ ಬಣ್ಣಬಣ್ಣದ ಜುಂಜಿನ ತಂತಿಗೂ ಅದೇ ಹೆಸರು. ಅದು ಪ್ಲಾಸ್ಟಿಕ್ ಎಳೆ, ತೇವ ಹೀರುವುದಿಲ್ಲ, ಎಳೆ ಉದುರಿ ದಾರಿ ಕಟ್ಟುತ್ತದೆ. ಹತ್ತಿಯದ್ದೇ ತರಿಸಿ.

ಕಾಫಿತೋಟ
ಬಟ್ಟಲಿಗೆ ಉಪ್ಪು ತುಂಬಿ ಆಲ್ಕೋಹಾಲು ಸುರಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಉಪ್ಪು ಕಂದಾಗಿರುತ್ತದೆ, ಹಳೆಯ ವಾಸನೆಯೆಲ್ಲ ಅದರ ಜೊತೆ ಹೋಗುತ್ತದೆ. ನಮ್ಮ ತೋಟದ ಬಂಗಲೆಯ ಪೈಪುಗಳಿಗೆಲ್ಲ ಹೀಗೇ ಮಾಡಿದ್ದು.

ಗಿರಿನಗರ
ಉಪ್ಪು ಬೇಡ ಎನ್ನುತ್ತೇನೆ. ಹರಳು ಕತ್ತಿನೊಳಗೆ ಜಾರಿದರೆ ತೆಗೆಯುವುದು ಕಷ್ಟ, ಅದು ತೇವ ಎಳೆದು ಉಬ್ಬಿ ಕತ್ತು ಸೀಳಿದ ಉದಾಹರಣೆಗಳಿವೆ. ಅದರಲ್ಲೂ ಸಿಸ್ಟಮ್ ಪೈಪಿನಲ್ಲಿ ಗುಂಡಿ ಬೇರೆ ಇದೆ. ಹತ್ತಿ ಉಂಡೆ ತುಂಬಿ, ಸಿರಿಂಜಿನಿಂದ ಆಲ್ಕೋಹಾಲು ಹನಿಸಿ. ಹತ್ತಿಯೂ ಅಷ್ಟೇ ಕಂದಾಗುತ್ತದೆ, ಅಪಾಯವಿಲ್ಲ.

ಕಾಫಿತೋಟ
ನೂರು ವರ್ಷದಿಂದ ಜನ ಉಪ್ಪು ಹಾಕುತ್ತಿದ್ದಾರೆ. ಎಲ್ಲರ ಪೈಪು ಸೀಳಿತೇ?

ಗಿರಿನಗರ
ಎಲ್ಲರದ್ದೂ ಸೀಳಬೇಕಾಗಿಲ್ಲ, ಇವರದ್ದೊಂದು ಸೀಳಿದರೆ ಸಾಕಲ್ಲವೇ? ಅದೇ ಫಲ ಹತ್ತಿಯಲ್ಲಿ ಸಿಗುವಾಗ ಆ ಸಾಹಸ ಏಕೆ?

ಡಬ್ಲಿನ್ ಕನ್ನಡಿಗ
ನನ್ನ ಮತ ಹತ್ತಿಗೆ.

ಹಳೆಸಾಮಾನು
ಹತ್ತಿಗೂ ಮೊದಲು ಕಿಟ್ಟ ಇಳಿಸಬೇಕು. ದಪ್ಪ ಕಿಟ್ಟ ಕಾದಾಗ ಮರಕ್ಕಿಂತ ಹೆಚ್ಚು ಹಿಗ್ಗಿ ಬಟ್ಟಲನ್ನು ಒಳಗಿನಿಂದ ಸೀಳುತ್ತದೆ. ರೀಮರ್ ಎಂಬ ಸಾಧನ ಬರುತ್ತದೆ, ಬೇರೆ ಬೇರೆ ಅಳತೆಯ ತಲೆಗಳಿರುತ್ತವೆ. ಚಿಕ್ಕದರಿಂದ ಶುರು ಮಾಡಿ. ಒತ್ತಬೇಡಿ, ಸುಮ್ಮನೆ ತಿರುಗಿಸಿ. ಪುಡಿ ಉದುರುತ್ತದೆ, ಅದನ್ನು ಆಗಾಗ ಕವುಚಿ ಚೆಲ್ಲಿ. ಸೇದುವವರು ಒಂದರಿಂದ ಒಂದೂವರೆ ಮಿಲಿಮೀಟರ್ ಕಿಟ್ಟ ಬಿಡುತ್ತಾರೆ, ಅದು ಮರಕ್ಕೆ ರಕ್ಷೆ. ನೀವು ಸೇದುವುದಿಲ್ಲವಾದ್ದರಿಂದ ಪೂರ್ತಿ ತೆಗೆದು ಒಳಗೋಡೆಯಲ್ಲಿ ಬಿರುಕು, ಸುಟ್ಟ ಹಳ್ಳ ಇವೆಯೇ ನೋಡಬಹುದು. ರೀಮರ್ ಇಲ್ಲದಿದ್ದರೆ ಬಟ್ಟಲಿನ ಅಳತೆಯ ದುಂಡು ಕೋಲಿಗೆ ಒರಟು ಸ್ಯಾಂಡ್‌ಪೇಪರ್ ಸುತ್ತಿ ತಿರುಗಿಸಿ. ನಿಮ್ಮ ಸ್ಯಾಂಡ್‌ಪೇಪರಿಗೆ ಇಡೀ ಕೆಲಸದಲ್ಲಿ ಮರದ ಬಳಿ ಪ್ರವೇಶ ಇಷ್ಟೇ.

ಮರಗೆಲಸದ ಮಾವ
ಪೂರ್ತಿ ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ಇಂದು ಇವರು ಸೇದುವುದಿಲ್ಲ, ನಾಳೆ ಇದು ಯಾರ ಕೈಗೆ ಹೋಗುತ್ತದೋ. ತೆಳ್ಳಗೆ ಬಿಟ್ಟರೆ ನಷ್ಟವೇನು?

ಹಳೆಸಾಮಾನು
ಕಿಟ್ಟದ ಕೆಳಗೆ ಬಿರುಕು ಅಡಗಿದ್ದರೆ ಅದೇ ನಷ್ಟ ಮಾವ. ಅದರ ಮೇಲೆ ಬಣ್ಣ ಬಳಿದು ಇನ್ನೊಬ್ಬರಿಗೆ ದಾಟಿಸುವುದು ನ್ಯಾಯವಲ್ಲ. ಕಿಟ್ಟ ಬೇಕಾದವರು ಮತ್ತೆ ಕಟ್ಟಿಕೊಳ್ಳುತ್ತಾರೆ.

ಎಬೊನೈಟ್ ಪ್ರೇಮಿ
ಸ್ಟೆಮ್ಮಿನ ಬಗ್ಗೆ ಯಾರೂ ಹೇಳಿಲ್ಲ, ನಾನು ಫೌಂಟನ್ ಪೆನ್ನುಗಳ ಕಡೆಯವನು, ಆದರೆ ವಸ್ತು ಒಂದೇ: ಎಬೊನೈಟ್. ಪೈಪಿನವರು ವಲ್ಕನೈಟ್ ಎನ್ನುತ್ತಾರೆ. ರಬ್ಬರಿಗೆ ಬಹಳಷ್ಟು ಗಂಧಕ ಬೆರೆಸಿ ದೀರ್ಘಕಾಲ ಕಾಯಿಸಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಚಾರ್ಲ್ಸ್ ಗುಡ್‌ಇಯರ್‌ನ ಸಹೋದರ ನೆಲ್ಸನ್ 1851ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ನಮ್ಮ ನೆರೆಯ ರಾಜಮಹೇಂದ್ರಿಯಲ್ಲಿ ಇಂದಿಗೂ ಎಬೊನೈಟಿನ ಪೆನ್ನನ್ನು ಕೈಯಿಂದ ಕಡೆಯುತ್ತಾರೆ.

ಬಿಸಿಲು, ಗಾಳಿ, ತೇವ ತಾಗಿದರೆ ಮೇಲ್ಮೈಯ ಗಂಧಕ ಹೊರಬಂದು ಹಸಿರುಗಂದು ಬಣ್ಣ ಬರುತ್ತದೆ. ಬೆರಳಿನಿಂದ ಬಿಸಿಯಾಗುವಂತೆ ಉಜ್ಜಿ ಮೂಸಿ, ಪಟಾಕಿಯ ಗಂಧಕದ ವಾಸನೆ ಬಂದರೆ ಖಚಿತವಾಗಿ ಎಬೊನೈಟ್. ವಾಸನೆ ಇಲ್ಲ, ಬಣ್ಣವೂ ಕೆಟ್ಟಿಲ್ಲ ಎಂದರೆ ಅಕ್ರಿಲಿಕ್. ಅಕ್ರಿಲಿಕ್ ಮೇಲೆ ಆಲ್ಕೋಹಾಲು ಹಾಕಲೇಬಾರದು, ಸಣ್ಣ ಬಿರುಕುಗಳ ಜಾಲ ಬಿಡುತ್ತದೆ. ಅದಕ್ಕೆ ಸೋಪು ನೀರು ಸಾಕು.

ನಿಮ್ಮದಕ್ಕೆ ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್ (ನೀರಿನಲ್ಲಿ ನೆನೆಸಿ ಬಳಸುವ ಸ್ಯಾಂಡ್‌ಪೇಪರ್) ತನ್ನಿ: 400, 600, 800, 1000, 1500, 2000. ನಂಬರು ಏರಿದಷ್ಟೂ ಪೇಪರ್ ನುಣುಪು. ನೀರಿನಲ್ಲಿ ನೆನೆಸಿ ಉಜ್ಜಿ. 400ರ ಗೀರು 600ಕ್ಕೆ ಪೂರ್ತಿ ಹೋಗುವ ತನಕ 800 ಮುಟ್ಟಬೇಡಿ. ಅವಸರಪಟ್ಟು ನಂಬರು ಹಾರಿಸಿದರೆ ಕೊನೆಯ ಹೊಳಪಿನಲ್ಲಿ ಮೊದಲಿನ ಗೀರುಗಳೇ ಎದ್ದು ಕಾಣುತ್ತವೆ. ನಲ್ಲಿಯ ಕೆಳಗೆ ಉಜ್ಜುವಾಗ ಕಂದು ನೀರು ಇಳಿಯುತ್ತದೆ, ಅದರಡಿಯಿಂದ ಕಪ್ಪು ಮೈ ಏಳುವುದನ್ನು ನೋಡುವುದೇ ಸೊಗಸು.

ಗಿರಿನಗರ
ಬ್ಲೀಚಿನಲ್ಲಿ ಮುಳುಗಿಸಿದರೆ ಕೆಲಸ ಬೇಗ ಆಗುತ್ತದೆ ಎಂದು ಓದಿದ್ದೇನೆ?

ಎಬೊನೈಟ್ ಪ್ರೇಮಿ
ಕ್ಲೋರಿನ್ ಬ್ಲೀಚ್ ಮೈಯನ್ನು ತಿಂದು ಒರಟು ಮಾಡುತ್ತದೆ. ಬಟ್ಟೆಗೆ ಹಾಕುವ ಆಮ್ಲಜನಕದ ಬ್ಲೀಚ್ ಪುಡಿ ವಾಸಿ, ಅದು ಕೊಳೆಯನ್ನು ಸಡಿಲಿಸುತ್ತದೆ, ಆಮೇಲೆ ಉಜ್ಜುವುದು ತಪ್ಪುವುದಿಲ್ಲ. ಸ್ಟೆಮ್ ಮೇಲೆ ಪೀಟರ್ಸನ್ನಿನ 'ಪಿ' ಅಕ್ಷರವಿದ್ದರೆ ಅದರ ಮೇಲೆ ವ್ಯಾಸಲಿನ್ ಹಚ್ಚಿಯೇ ನೀರಿಗಿಡಿ.

ಹೊಸಕೈ
ಹಲ್ಲಿನ ಗುರುತಿಗೆ ಏನು ಮಾಡಲಿ? ಬಿಸಿ ನೀರಿಗೆ ಹಾಕಿದರೆ ಎದ್ದು ಬರುತ್ತದೆ ಎಂದು ಎಲ್ಲೋ ಕೇಳಿದೆ.

ಎಬೊನೈಟ್ ಪ್ರೇಮಿ
ಏಳುತ್ತದೆ, ಎಬೊನೈಟ್ ಬಿಸಿಗೆ ತನ್ನ ಮೊದಲಿನ ಆಕಾರಕ್ಕೆ ಮರಳಲು ನೋಡುತ್ತದೆ. ತೊಂದರೆ ಏನೆಂದರೆ ನಿಮ್ಮ ಸ್ಟೆಮ್ ಬಾಗಿದ್ದು. ಅದು ಹುಟ್ಟಿದ್ದು ನೇರವಾಗಿ, ಆಮೇಲೆ ಕಾಯಿಸಿ ಬಾಗಿಸಿದ್ದು. ಪೂರ್ತಿ ಮುಳುಗಿಸಿದರೆ ಬಾಗೂ ನೇರವಾಗಿಬಿಡುತ್ತದೆ! ತುದಿಯನ್ನು ಮಾತ್ರ, ಕುದಿಯದ ಬಿಸಿ ನೀರಿನಲ್ಲಿ ಹಿಡಿಯಿರಿ.

ಕಾಫಿತೋಟ
ಹಲ್ಲಿನ ಗುರುತು ತೆಗೆಯುವುದೇಕೆ? ಒಬ್ಬ ಮನುಷ್ಯ ವರ್ಷಗಟ್ಟಲೆ ಹಲ್ಲಲ್ಲಿ ಕಚ್ಚಿ ಹಿಡಿದು ಪುಸ್ತಕ ಓದಿದ್ದಾನೆ, ಲೆಕ್ಕ ಬರೆದಿದ್ದಾನೆ. ಅದೂ ಚರಿತ್ರೆಯೇ. ಅಕ್ಷರ ಉಳಿಸಿ ಎಂದು ಗಲಾಟೆ ಮಾಡುವವರು ಗುರುತನ್ನು ಅಳಿಸಿ ಎನ್ನುವುದು ನನಗೆ ಅರ್ಥವಾಗುವುದಿಲ್ಲ.

ಡಬ್ಲಿನ್ ಕನ್ನಡಿಗ
ಅಕ್ಷರ ಮಾಡಿದವನು ಹಾಕಿದ್ದು, ಗುರುತು ಬಳಸಿದವನು ಬಿಟ್ಟದ್ದು. ಎರಡಕ್ಕೂ ಒಂದೇ ಬೆಲೆ ಕೊಡಲಾರೆ. ಆದರೂ ರಂಧ್ರ ಬಿದ್ದಿಲ್ಲವಾದರೆ ಗುರುತನ್ನು ಬಿಡುವುದರಲ್ಲಿ ತಪ್ಪಿಲ್ಲ.

ಮರಗೆಲಸದ ಮಾವ
ಕಾಫಿತೋಟದವರ ಪಕ್ಷ ನಾನು. ಹೊಸದರಂತೆ ಹೊಳೆಯಬೇಕೆಂದರೆ ಹೊಸದನ್ನೇ ಕೊಳ್ಳಬಹುದಿತ್ತು. ಕೊಳೆ ಹೋಗಲಿ, ಬದುಕು ಉಳಿಯಲಿ.

ಎಬೊನೈಟ್ ಪ್ರೇಮಿ
ಹಸಿರುಗಂದು ಕೂಡ ಬದುಕೇ ಎನ್ನುವಿರಾ? ಅದನ್ನು ತೆಗೆಯಲೇಬೇಕು, ಅದರ ರುಚಿಯೂ ಕೆಟ್ಟದ್ದು, ವಾಸನೆಯೂ ಕೆಟ್ಟದ್ದು.

ಮರಗೆಲಸದ ಮಾವ
ಅದನ್ನು ತೆಗೆಯಿರಿ, ಬೇಡ ಎಂದವರಾರು.

ಚನ್ನಪಟ್ಟಣದವಳು
ಕೊನೆಯ ಹೊಳಪಿನ ಬಗ್ಗೆ ನನ್ನದೊಂದು ಮಾತು. ನಮ್ಮ ಮನೆಯವರು ಗೊಂಬೆ ಕಡೆಯುವವರು. ಹಾಲೆ ಮರ ಚರಕಿಯಲ್ಲಿ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ, ಉಜ್ಜುವ ಬಿಸಿಗೇ ಅರಗು ಕರಗಿ ಮೈಗೆ ಹಿಡಿಯುತ್ತದೆ. ಅಷ್ಟು ಸ್ವಲ್ಪ ಬಿಸಿ ಸಾಕು ಅದಕ್ಕೆ. ಹಾಗಾಗಿ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮಾಡುವ ಫ್ರೆಂಚ್ ಪಾಲಿಶನ್ನು ಪೈಪಿಗೆ ಹಾಕಬೇಡಿ. ಸೇದಿದರೆ ಕೈಗೆ ಅಂಟುತ್ತದೆ.

ಹೊಸಕೈ
ಹಾಗಾದರೆ ಜೇನುಮೇಣ ಹಚ್ಚಲೇ ಅಕ್ಕಾ? ಅಮ್ಮ ತೆಂಗಿನೆಣ್ಣೆ ಸಾಕು ಎನ್ನುತ್ತಿದ್ದಾರೆ.

ಚನ್ನಪಟ್ಟಣದವಳು
ತೆಂಗಿನೆಣ್ಣೆ ಕೆಲವು ತಿಂಗಳಿಗೆ ಮುಗ್ಗಲು ವಾಸನೆ ಹಿಡಿಯುತ್ತದೆ, ಧೂಳನ್ನೂ ಕೂರಿಸಿಕೊಳ್ಳುತ್ತದೆ. ಅಮ್ಮನಿಗೆ ಹೇಳಿ, ತಲೆಗೆ ಸರಿ, ಮರಕ್ಕೆ ಬೇಡ.

ಹಳೆಸಾಮಾನು
ಜೇನುಮೇಣ ಸುಮಾರು 63 ಡಿಗ್ರಿಗೆ ಕರಗುತ್ತದೆ, ಕಾರ್ನೌಬಾ ಮೇಣ 82ರ ಮೇಲೆ. ಪೈಪು ತಯಾರಕರು ಕಾರ್ನೌಬಾ ಬಳಸುವುದಕ್ಕೆ ಅದೇ ಕಾರಣ, ಬ್ರೆಜಿಲಿನ ಒಂದು ತಾಳೆಯ ಎಲೆಯಿಂದ ಬರುವ ಮೇಣ. ನೀವು ಪ್ರದರ್ಶನಕ್ಕೆ ಇಡುವವರಾದರೆ ಜೇನುಮೇಣವೂ ನಡೆಯುತ್ತದೆ. ಅಕ್ಕಿಕಾಳಿನಷ್ಟು, ಹತ್ತಿ ಬಟ್ಟೆಯಲ್ಲಿ, ತುಂಬ ಹೊತ್ತು ಉಜ್ಜಿ. ಅಕ್ಷರಗಳ ಮೇಲೆ ಬಟ್ಟೆ ಹಗುರಾಗಿರಲಿ.

ಅಂಚಿನ ಕಪ್ಪು ಪದರಕ್ಕೆ ಎಂಜಲಿನಲ್ಲಿ ಅದ್ದಿದ ಹತ್ತಿಕಡ್ಡಿ. ಹೇಸಿಗೆ ಎನ್ನಬೇಡಿ, ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವವರೂ ಅದನ್ನೇ ಬಳಸುತ್ತಾರೆ, ಅದರಲ್ಲಿರುವ ಕಿಣ್ವ ಕೊಳೆಯನ್ನು ಮೃದುವಾಗಿ ಬಿಡಿಸುತ್ತದೆ.

ದಂತವೈದ್ಯೆ
ಬೇರೆಯವರ ಬಾಯಿಯಲ್ಲಿದ್ದ ವಸ್ತು ಅದು. ಕಡ್ಡಿಯನ್ನು ಒಮ್ಮೆ ಬಳಸಿ ಎಸೆಯಿರಿ, ಪೈಪಿಗೆ ತಾಗಿದ್ದನ್ನು ಮತ್ತೆ ನಾಲಿಗೆಗೆ ತಾಗಿಸಬೇಡಿ. ಸ್ಟೆಮ್ಮಿನ ತುದಿ ಒರೆಸಲು ಶೇ 70ರ ಐಸೋಪ್ರೊಪೈಲ್ ಒಳ್ಳೆಯದು. ಟಾರಿಗೆ 99 ಬೇಕು ನಿಜ, ಆದರೆ ರೋಗಾಣು ಕೊಲ್ಲಲು ಸ್ವಲ್ಪ ನೀರಿರುವುದೇ ಚೆನ್ನಾಗಿ ಕೆಲಸ ಮಾಡುತ್ತದೆ.

ಹೊಸಕೈ
ಇವತ್ತಿನ ವರದಿ: ಕಿಟ್ಟ ಇಳಿಯಿತು, ಒಳಗೋಡೆಯಲ್ಲಿ ಬಿರುಕಿಲ್ಲ. ಗುಂಡಿಯ ತಳದ ಮರ ಕಾಣಿಸಿತು. ಸ್ಟೆಮ್ 1000ದ ಪೇಪರಿನ ಹಂತದಲ್ಲಿದೆ, ಮೇಲಿನ ಭಾಗ ಕಪ್ಪಾಗಿದೆ. ಹಲ್ಲಿನ ಗುರುತು ಹಾಗೇ ಇರಲಿ ಎಂದು ತೀರ್ಮಾನಿಸಿದೆ. ಒಂದು ಅನುಮಾನ: ಬಟ್ಟಲಿನ ಹೊರಮೈಯಲ್ಲಿ ಸಾಸಿವೆ ಗಾತ್ರದ ಒಂದು ಕೆಂಪು ಚುಕ್ಕೆ ಇದೆ, ಮರದ ನಾರಿನ ಜೊತೆ ಸೇರುತ್ತಿಲ್ಲ. ಹುಳು ಹಿಡಿದಿದೆಯೇ?

ಮರಗೆಲಸದ ಮಾವ
ಹುಳುವಲ್ಲ. ಬ್ರಯರ್ ಗಂಟಿನೊಳಗೆ ಬೆಳೆಯುವಾಗಲೇ ಮಣ್ಣು, ಕಲ್ಲಿನ ಚೂರು ಸೇರಿಕೊಂಡಿರುತ್ತವೆ. ಕಡೆಯುವಾಗ ಹೊರಬಿದ್ದ ಆ ಹಳ್ಳಕ್ಕೆ ಕಾರ್ಖಾನೆಯಲ್ಲೇ ಮೆತ್ತು ತುಂಬುತ್ತಾರೆ. ಅಗ್ಗದ ದರ್ಜೆಯಲ್ಲಿ ಸಾಮಾನ್ಯ. ಗಟ್ಟಿಯಾಗಿದ್ದರೆ ಮುಟ್ಟಬೇಡಿ.

ಹೊಸಕೈ
ಉಗುರಿನಿಂದ ಒತ್ತಿ ನೋಡಿದೆ, ಗಟ್ಟಿಯಾಗಿಯೇ ಇದೆ. ನಿಕ್ಕಲ್ ಬಳೆಗೆ ಹಿತ್ತಾಳೆ ಉಜ್ಜುವ ಪಾಲಿಶ್ ಹಾಕಬಹುದೇ?

ಡಬ್ಲಿನ್ ಕನ್ನಡಿಗ
ಒಣ ಬಟ್ಟೆಯಿಂದ ಮೊದಲು ನೋಡಿ. ಹೋಗದಿದ್ದರೆ ಪಾಲಿಶ್ ಒಂದು ಹನಿ, ಬಟ್ಟೆಗೆ ಹಾಕಿ, ಬಳೆಗಲ್ಲ. ಬಳೆ ಮತ್ತು ಮರ ಸೇರುವ ಗೆರೆಗೆ ಕಾಗದದ ಟೇಪ್ ಅಂಟಿಸಿಕೊಳ್ಳಿ, ಪಾಲಿಶಿನ ಕಪ್ಪು ಮರದೊಳಗೆ ಇಳಿದರೆ ಬರುವುದಿಲ್ಲ. ಬಳೆಯ ಮೇಲೂ 'ಕೆ ಅಂಡ್ ಪಿ' (ಕ್ಯಾಪ್ ಅಂಡ್ ಪೀಟರ್ಸನ್, ಕಂಪನಿಯ ಹೆಸರು) ಮುದ್ರೆ ಇರಬಹುದು, ಇದ್ದರೆ ಅದರ ಸುತ್ತ ಮಾತ್ರ ಉಜ್ಜಿ.

ಎಬೊನೈಟ್ ಪ್ರೇಮಿ
ಎಲ್ಲ ಮುಗಿದ ಮೇಲೆ ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ, ಸ್ಟೆಮ್ ಮತ್ತೆ ಹಸಿರಾಗುತ್ತದೆ. ಬಾಗಿಲಿರುವ ಬೀರು ಒಳ್ಳೆಯದು.